ಟಿ.ವಿ. ಬೇಡ ಎಂದ ಊರು

ಅಕ್ಕಂದಿರೇ,

ಸಂಜೆ ದೀಪ ಹಚ್ಚುವ ಹೊತ್ತು. ದನಕರು ಮನೆಗೆ ಬಂದಿವೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಆಗ ನಿಮ್ಮ ಮನೆಯಲ್ಲಿ ಟಿ.ವಿ. ಹಾಕುವವರು ಯಾರು? ನೀವಾ? ಮಗಳಾ? ಮೊಮ್ಮಗನಾ? ಅದರೊಳಗಿನವರು ಯಾವ ಮಾತು ಆಡುತ್ತಾರೆ? ಅದು ನಿಮ್ಮ ಮನೆಯ ಮಾತೇ?

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಲ ಹೀಗೆ ಕೇಳಿದೆ. ಎಲ್ಲರೂ ನಕ್ಕರು. "ಇದೇನ್ ಕೇಳ್ತೀರಿ ಮೇಡಂ, ಕನ್ನಡ ಅಲ್ದೆ ಇನ್ನೇನು?" ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ತಾಂಡಾದ ಅಕ್ಕ ಮಾತ್ರ ನಗಲಿಲ್ಲ.

"ನಮ್ಮನೇಲಿ ನಾವು ಆಡೋದು ಲಂಬಾಣಿ. ಟಿ.ವಿ.ಯೊಳಗೆ ನಮ್ಮ ಮಾತು ಬರಲ್ಲ. ನಾನು ಮಗನ್ನ ಲಂಬಾಣಿಯಲ್ಲಿ ಕರೀತೀನಿ. ಅವನು ಕನ್ನಡದಲ್ಲಿ 'ಏನಮ್ಮಾ' ಅಂತಾನೆ. ಮೊದಮೊದಲು ಖುಷಿ ಆಗ್ತಿತ್ತು. ಈಗ ಒಂಥರಾ ಆಗುತ್ತೆ" ಅಂದರು.

ಯಾರೂ ಮಾತಾಡಲಿಲ್ಲ. ಆ ಅಕ್ಕನಿಗೆ ಕೊಡುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಒಂದು ಊರಿನ ಕಥೆ ಇತ್ತು. ಅದನ್ನೇ ಹೇಳಿದೆ. ಅದೇ ಈ ಪಾಠ. ಕಥೆ ಅಂದೆ, ಆದರೆ ಇದು ನಿಜವಾಗಿ ನಡೆದದ್ದು.

ಹಿಮದ ನಾಡು

ಭೂಪಟ ಇದ್ದರೆ ತೆಗೆದು ನೋಡಿ. ಮೇಲ್ಗಡೆ, ಎಡಗಡೆ ಕೆನಡಾ ಎಂಬ ದೊಡ್ಡ ದೇಶ ಇದೆ. ಅದರ ತೀರಾ ಉತ್ತರಕ್ಕೆ ಹೋದರೆ ಕಡಲೇ ಹೆಪ್ಪುಗಟ್ಟುವ ಜಾಗ. ಅಲ್ಲಿ ಒಂದು ಚಿಕ್ಕ ದ್ವೀಪ. ದ್ವೀಪದ ಮೇಲೆ ಒಂದು ಊರು. ಹೆಸರು ಇಗ್ಲೂಲಿಕ್.

ಆ ಊರಲ್ಲಿ ಮರವಿಲ್ಲ. ಹೊಲವಿಲ್ಲ. ಚಳಿಗಾಲದಲ್ಲಿ ಸುಮಾರು ಒಂದೂವರೆ ತಿಂಗಳು ಸೂರ್ಯನೇ ಹುಟ್ಟುವುದಿಲ್ಲ. ನವೆಂಬರ್ ಕೊನೆಗೆ ಮುಳುಗಿದವನು ಜನವರಿ ನಡುವಿಗೆ ಮೇಲೆ ಬರುತ್ತಾನೆ. ಹೆಚ್ಚೂ ಕಡಿಮೆ ನಮ್ಮ ಸಂಕ್ರಾಂತಿಯ ಹೊತ್ತಿಗೇ ಅವರಿಗೂ ಸೂರ್ಯನ ಹಬ್ಬ!

ಅಲ್ಲಿಯ ಜನರ ಹೆಸರು ಇನೂಯಿಟ್. ಅವರ ಭಾಷೆಯಲ್ಲಿ ಹಾಗೆಂದರೆ 'ಜನರು'. ಹೊರಗಿನವರು ಅವರನ್ನು ಎಸ್ಕಿಮೊ ಎಂದು ಕರೆದರು. ನಮ್ಮ ಶಾಲೆ ಪುಸ್ತಕದಲ್ಲೂ ಹಾಗೇ ಇತ್ತು. ಅದು ಅವರು ಇಟ್ಟುಕೊಂಡ ಹೆಸರಲ್ಲ. ಹಲವರಿಗೆ ಅದು ಇಷ್ಟವೂ ಇಲ್ಲ.

ಇನೂಯಿಟ್ ಜನ ಸೀಲ್, ವಾಲ್ರಸ್ ಎಂಬ ಕಡಲ ಪ್ರಾಣಿಗಳನ್ನು ಬೇಟೆಯಾಡಿ ಬದುಕಿದವರು. ಗಂಡಸರು ಬೇಟೆಗೆ ಹೋದರೆ ಹೆಂಗಸರು ಚರ್ಮ ಹದ ಮಾಡಿ ಬಟ್ಟೆ ಹೊಲಿಯುತ್ತಿದ್ದರು. ಹೊಲಿಗೆ ಸಡಿಲವಾದರೆ ಗಾಳಿ, ನೀರು ಒಳಗೆ ನುಗ್ಗುತ್ತದೆ. ಆ ಚಳಿಯಲ್ಲಿ ಬೇಟೆಗೆ ಹೋದವನ ಜೀವ ಹೆಂಡತಿಯ ಸೂಜಿಯ ಮೇಲೆ ನಿಂತಿತ್ತು.

ಅರ್ಧಚಂದ್ರದಂಥ ಒಂದು ಕತ್ತಿ ಹೆಂಗಸರದ್ದೇ. ಅದಕ್ಕೆ ಉಲು ಎನ್ನುತ್ತಾರೆ. ನಮ್ಮ ಈಳಿಗೆಯ ಹಾಗೆ ಮನೆ ಮನೆಯಲ್ಲೂ ಇರುತ್ತದೆ. ದೀಪವೂ ಹೆಂಗಸರದ್ದೇ. ಕಲ್ಲನ್ನು ಅರ್ಧಚಂದ್ರದ ಹಾಗೆ ತೋಡಿ, ಸೀಲ್ ಪ್ರಾಣಿಯ ಎಣ್ಣೆ ಹಾಕಿ, ಪಾಚಿಯ ಬತ್ತಿ ಇಟ್ಟು ಹಚ್ಚುತ್ತಾರೆ. ಆ ದೀಪದ ಹೆಸರು ಕುಲ್ಲಿಕ್. ಬೆಳಕೂ ಅದೇ, ಒಲೆಯೂ ಅದೇ, ಒದ್ದೆ ಬಟ್ಟೆ ಒಣಗಿಸುವುದೂ ಅದರ ಮೇಲೇ. ಆರದ ಹಾಗೆ ನೋಡಿಕೊಳ್ಳುವುದು ಮನೆಯೊಡತಿಯ ಕೆಲಸ. ಇಗ್ಲೂಲಿಕ್‌ನಲ್ಲಿ ಸೂರ್ಯ ಮರಳಿ ಬಂದ ದಿನ ಹಳೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಉರಿಯಿಂದ ಎಲ್ಲ ದೀಪಗಳನ್ನೂ ಹೊಸದಾಗಿ ಹಚ್ಚುವ ಪದ್ಧತಿ ಇತ್ತು.

ತಾಯಿ ತೊಡುವ ಚರ್ಮದ ಅಂಗಿಗೆ ಬೆನ್ನ ಮೇಲೆ ದೊಡ್ಡ ಚೀಲದಂಥ ಟೊಪ್ಪಿಗೆ ಇರುತ್ತದೆ. ಅದರೊಳಗೆ ಕೂಸು. ಕೂಸಿನ ಕಿವಿ ತಾಯಿಯ ಬಾಯಿಯ ಹತ್ತಿರ. ತಾಯಿ ನೆರೆಯವರ ಜೊತೆ ಆಡಿದ ಮಾತು, ಹಾಡಿದ ಹಾಡು, ಬೈದ ಬೈಗುಳ ಎಲ್ಲ ಅದರ ಕಿವಿಗೆ ಬೀಳುತ್ತದೆ. ಮಾತು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಉಂಟೆ?

ಅವರ ಮಾತು, ಅವರ ಅಕ್ಷರ

ಅವರ ಭಾಷೆಯ ಹೆಸರು ಇನುಕ್ಟಿಟುಟ್. ಬಾಯಿಗೆ ಸುಲಭವಾಗಿ ಬರುವುದಿಲ್ಲ. ಬಿಡಿಸಿ ಓದಿ: ಇ-ನುಕ್-ಟಿ-ಟುಟ್.

ಅದಕ್ಕೆ ಅಕ್ಷರವೂ ಇದೆ. ಕಾಗುಣಿತ ಕಲಿಯುವಾಗ ನೀವು ಪಟ್ಟ ಪಾಡು ನನಗೆ ಗೊತ್ತು. ಅವರ ಕಾಗುಣಿತ ಹೇಗಿದೆ ನೋಡಿ. ಒಂದು ಗುಡಿಯ ಗೋಪುರದ ಹಾಗೆ ಮೂರು ಮೂಲೆಯ ಗುರುತು ಬರೆಯಿರಿ, ತಳದ ಗೆರೆ ಬೇಡ. ತುದಿ ಮೇಲಕ್ಕಿದ್ದರೆ 'ಪಿ'. ಅದನ್ನೇ ಬಲಕ್ಕೆ ತಿರುಗಿಸಿದರೆ 'ಪು'. ಎಡಕ್ಕೆ ತಿರುಗಿಸಿದರೆ 'ಪ'. ಗುಡಿಸು, ಕೊಂಬು ಏನೂ ಇಲ್ಲ. ಅಕ್ಷರವನ್ನೇ ತಿರುಗಿಸಿದರೆ ಆಯಿತು. ನಮ್ಮ ಕೇಂದ್ರದಲ್ಲಿ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಒಬ್ಬ ಅಜ್ಜಿ, "ಇದೇ ಚೆನ್ನಾಗಿತ್ತಲ್ಲ, ನಮಗ್ಯಾಕೆ ಇಷ್ಟೊಂದು ಕಷ್ಟ ಕೊಟ್ರಿ?" ಅಂತ ಕೇಳಿದರು!

ಕೆನಡಾ ದೇಶದಲ್ಲಿ ಹೆಚ್ಚು ಜನರ ಮಾತು ಇಂಗ್ಲಿಷ್. ಆಮೇಲೆ ಫ್ರೆಂಚ್. ಇನುಕ್ಟಿಟುಟ್ ಆಡುವವರು ಬಹಳ ಕಡಿಮೆ. ಹೀಗೆ ಒಂದು ದೇಶದಲ್ಲೋ ರಾಜ್ಯದಲ್ಲೋ ಬೇರೆ ಮಾತು ಆಡುವ ಕಡಿಮೆ ಸಂಖ್ಯೆಯ ಜನರಿಗೆ 'ಭಾಷಾ ಅಲ್ಪಸಂಖ್ಯಾತರು' ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ತುಳು, ಕೊಡವ, ಕೊಂಕಣಿ, ಉರ್ದು, ಲಂಬಾಣಿ ಆಡುವವರು ಇದ್ದಾರಲ್ಲ, ಹಾಗೆ.

ಕಡಿಮೆ ಜನ ಅಂದ ಕೂಡಲೇ ದೊಡ್ಡವರಿಗೆ ಸಸಾರ. ಇನೂಯಿಟ್ ಜನರಿಗೆ ನಮ್ಮ ಹಾಗೆ ಮನೆತನದ ಅಡ್ಡಹೆಸರು ಇರಲಿಲ್ಲ. ಅವರ ಹೆಸರು ಬರೆದುಕೊಳ್ಳುವುದು ಅಧಿಕಾರಿಗಳಿಗೆ ಕಷ್ಟವಾಯಿತು. ಏನು ಮಾಡಿದರು ಗೊತ್ತೆ? 1941ರಿಂದ ಒಬ್ಬೊಬ್ಬರಿಗೂ ಒಂದೊಂದು ಬಿಲ್ಲೆ ಕೊಟ್ಟರು. ಬಿಲ್ಲೆಯ ಮೇಲೆ ಒಂದು ನಂಬರು. ಸುಮಾರು ಮೂವತ್ತು ವರ್ಷ ಸರಕಾರದ ಕಾಗದದಲ್ಲಿ ಅವರ ಗುರುತು ಆ ನಂಬರೇ. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಎಷ್ಟೋ ಮಕ್ಕಳನ್ನು ತಾಯಿಯಿಂದ ದೂರ ವಸತಿ ಶಾಲೆಗೆ ಒಯ್ದರು. ಅಲ್ಲಿ ಮನೆಯ ಮಾತು ಆಡಿದರೆ ಶಿಕ್ಷೆ. ಈ ವಸತಿ ಶಾಲೆಗಳ ತಪ್ಪಿಗಾಗಿ ಕೆನಡಾದ ಪ್ರಧಾನಮಂತ್ರಿ 2008ರಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಟಿ.ವಿ. ಬರುವ ಮುಂಚೆಯೇ ಇಷ್ಟೆಲ್ಲ ಆಗಿತ್ತು. ಇದನ್ನು ನೆನಪಿಟ್ಟು ಮುಂದೆ ಓದಿ.

ಆಕಾಶದಿಂದ ಬಂದ ಟಿ.ವಿ.

1972ರ ನವೆಂಬರ್‌ನಲ್ಲಿ ಕೆನಡಾ ಒಂದು ಉಪಗ್ರಹವನ್ನು ಆಕಾಶಕ್ಕೆ ಕಳಿಸಿತು. ಉಪಗ್ರಹ ಅಂದರೆ ಭೂಮಿಯ ಸುತ್ತ ತಿರುಗುವ ಯಂತ್ರ. ಒಂದು ಕಡೆಯಿಂದ ಕಳಿಸಿದ ಚಿತ್ರ, ಮಾತನ್ನು ಅದು ಹಿಡಿದು ಇನ್ನೊಂದು ಕಡೆಗೆ ಕಳಿಸುತ್ತದೆ. ತಂತಿ ಎಳೆಯಲಾಗದ ಜಾಗಕ್ಕೂ ಇದರಿಂದ ಟಿ.ವಿ. ಮುಟ್ಟುತ್ತದೆ. ಆ ಉಪಗ್ರಹಕ್ಕೆ ಅನಿಕ್ ಎಂದು ಹೆಸರಿಟ್ಟರು. ಅದು ಇನುಕ್ಟಿಟುಟ್ ಮಾತು. ಅರ್ಥ 'ಸಹೋದರ'.

ಹೆಸರು ಅವರ ಮಾತಿನದ್ದು. ಆದರೆ ಆ ಸಹೋದರ ಹೊತ್ತು ತಂದದ್ದು ಹೆಚ್ಚೂ ಕಡಿಮೆ ಎಲ್ಲವೂ ಇಂಗ್ಲಿಷ್. ದಕ್ಷಿಣದ ದೊಡ್ಡ ಪಟ್ಟಣಗಳ ನಾಟಕ, ಜಾಹೀರಾತು, ಹಾಕಿ ಪಂದ್ಯ. ಅಮೆರಿಕದ ಧಾರಾವಾಹಿ. ಒಂದೊಂದೇ ಹಿಮದ ಊರಿಗೆ ಟಿ.ವಿ. ಬಂತು. ಜನ ನೋಡಿದರು. ಯಾರು ತಾನೇ ನೋಡುವುದಿಲ್ಲ? ಹೊರಗೆ ಕತ್ತಲೆ, ಚಳಿ. ಒಳಗೆ ಬಣ್ಣ ಬಣ್ಣದ ಪೆಟ್ಟಿಗೆ.

ಆದರೆ ಸಂಜೆ ಹೊತ್ತು ಒಬ್ಬರ ಮನೆಗೆ ಒಬ್ಬರು ಹೋಗಿ ಕೂರುವುದು ಕಡಿಮೆಯಾಯಿತು. ಕಥೆ ಹೇಳುವ ಅಜ್ಜಿ ಅಲ್ಲೇ ಇದ್ದರು, ಕೇಳುವವರ ಮುಖ ಬೇರೆ ಕಡೆ ತಿರುಗಿತ್ತು. ಆ ಪೆಟ್ಟಿಗೆಯಲ್ಲಿ ಅವರಂಥ ಮುಖ ಇರಲಿಲ್ಲ. ಅವರಂಥ ಮನೆ ಇರಲಿಲ್ಲ. ಮಗು ದಿನಾ ಅದನ್ನೇ ನೋಡಿದರೆ ಏನು ತಿಳಿಯುತ್ತದೆ? ನನ್ನ ಅವ್ವನ ಮಾತು ಮನೆ ಒಳಗಿನದು, ದೊಡ್ಡವರ ಮಾತು ಬೇರೆ ಅಂತ ತಿಳಿಯುತ್ತದೆ. ಯಾರೂ ಹಾಗಂತ ಹೇಳಿಕೊಡುವುದಿಲ್ಲ. ನೋಡಿ ನೋಡಿ ತಾನೇ ತಿಳಿಯುತ್ತದೆ.

ಇಗ್ಲೂಲಿಕ್ ಊರಿನವರು ಪಕ್ಕದ ಊರುಗಳಲ್ಲಿ ಆಗುತ್ತಿದ್ದ ಈ ಬದಲಾವಣೆಯನ್ನು ಗಮನಿಸುತ್ತಿದ್ದರು.

ಊರು ಮತ ಹಾಕಿತು

ಇಗ್ಲೂಲಿಕ್‌ನಲ್ಲಿ ಆಗ ಕೆಲವೇ ನೂರು ಜನ. ಅವರ ಸರದಿಯೂ ಬಂತು. ಟಿ.ವಿ. ಬೇಕೋ ಬೇಡವೋ? 1975ರಲ್ಲಿ ಊರಿನವರು ಮತ ಹಾಕಿದರು. ಪಂಚಾಯಿತಿ ಚುನಾವಣೆಗೆ ಹಾಕುತ್ತೇವಲ್ಲ, ಹಾಗೆ. ಎಣಿಸಿ ನೋಡಿದರೆ, ಬೇಡ!

ನಾಲ್ಕು ವರ್ಷ ಕಳೆಯಿತು. 1979ರಲ್ಲಿ ಮತ್ತೆ ಮತ ಹಾಕಿದರು. ಮತ್ತೆ ಬೇಡ.

ಇದನ್ನು ಕೇಳಿ ನೀವು, "ಹಳೇ ಕಾಲದ ಜನ, ಹೊಸದು ಅಂದ್ರೆ ಹೆದರಿಕೆ" ಅನ್ನಬಹುದು. ಹಾಗಲ್ಲ. ಹಿಮದ ಮೇಲೆ ಓಡುವ ಮೋಟಾರು ಬಂಡಿಯನ್ನು ಅವರು ಬೇಡ ಅನ್ನಲಿಲ್ಲ. ಬಂದೂಕು ಬೇಡ ಅನ್ನಲಿಲ್ಲ. ರೇಡಿಯೊ ಕೇಳುತ್ತಿದ್ದರು. ಸಮುದಾಯ ಭವನದಲ್ಲಿ ಇಂಗ್ಲಿಷ್ ಸಿನಿಮಾ ಹಾಕಿದರೆ ಹೋಗಿ ನೋಡುತ್ತಿದ್ದರು. ಟಿ.ವಿ.ಗೆ ಮಾತ್ರ ಬೇಡ ಅಂದರು. ಯಾಕೆಂದರೆ ಸಿನಿಮಾ ನೋಡಿ ಮನೆಗೆ ಬರಬಹುದು. ಟಿ.ವಿ. ಮನೆಯೊಳಗೇ ಬಂದು ಕೂರುತ್ತದೆ. ಮಕ್ಕಳ ಜೊತೆ ದಿನಾ ಮಾತಾಡುವ ಒಬ್ಬ ನೆಂಟ ಅದು. ಆ ನೆಂಟನಿಗೆ ನಮ್ಮ ಮಾತು ಬರುವುದಿಲ್ಲ. ಬರುವವರೆಗೂ ಹೊರಗೇ ಇರಲಿ. ಇದು ಅವರ ಲೆಕ್ಕ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ಹೇಳಬೇಕು. ಇಗ್ಲೂಲಿಕ್ ಮೊದಲ ಸಲ ಬೇಡ ಅಂದ ಅದೇ 1975ರ ಆಗಸ್ಟ್ 1ರಂದು ನಮ್ಮ ದೇಶದ ಹಳ್ಳಿಗಳಿಗೂ ಉಪಗ್ರಹದಿಂದ ಟಿ.ವಿ. ಬಂತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳು. ಒಂದೇ ವರ್ಷ ನಡೆದ ಪ್ರಯೋಗ ಅದು. ಊರಿಗೊಂದು ಟಿ.ವಿ., ಎಲ್ಲರೂ ಒಟ್ಟಿಗೆ ಕೂತು ನೋಡುವುದು. ಬೇಸಾಯ, ಆರೋಗ್ಯ, ಹಾಡು, ನಾಟಕ. ನಮ್ಮವರು ಯಾಕೆ ಬೇಡ ಅನ್ನಲಿಲ್ಲ? ಒಂದು ಕಾರಣ ಸುಲಭ. ಆ ಪೆಟ್ಟಿಗೆ ಕನ್ನಡ ಮಾತಾಡಿತು. ಆದರೆ ಅದೇ ಜಿಲ್ಲೆಗಳಲ್ಲಿ ತಾಂಡಾಗಳೂ ಇದ್ದವು. ಅಲ್ಲಿಯ ತಾಯಂದಿರ ಮಾತು ಅದರಲ್ಲಿ ಬರಲಿಲ್ಲ. ಕೆನಡಾದಲ್ಲಿ ಇಂಗ್ಲಿಷ್ ಏನು ಮಾಡಿತೋ, ಇಲ್ಲಿ ನಮ್ಮ ಕನ್ನಡವೂ ಗೊತ್ತಿಲ್ಲದೆ ಅದನ್ನೇ ಮಾಡಿರಬಹುದು. ಕನ್ನಡದವರಾದ ನಾವು ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಹಿಂದಿಯ ಬಗ್ಗೆ, ಇಂಗ್ಲಿಷಿನ ಬಗ್ಗೆ ಹೇಳುವಾಗ ನಮ್ಮ ಬಾಯಿ ದೊಡ್ಡದು.

ಇರಲಿ, ಇಗ್ಲೂಲಿಕ್‌ಗೆ ಮರಳಿ ಹೋಗೋಣ.

ಕಿಟಕಿಯಲ್ಲಿ ಮಕ್ಕಳು

ಆ ಊರಲ್ಲಿ ಝಕರಿಯಾಸ್ ಕುನುಕ್ ಎಂಬ ಹುಡುಗನಿದ್ದ. ಹುಟ್ಟಿದ್ದು 1957ರಲ್ಲಿ, ಬೇಟೆಗಾರರ ಬಿಡಾರದಲ್ಲಿ. ಒಂಬತ್ತು ವರ್ಷಕ್ಕೆ ಶಾಲೆಗೆಂದು ಇಗ್ಲೂಲಿಕ್‌ಗೆ ಕಳಿಸಿದರು. ಸಮುದಾಯ ಭವನದ ಸಿನಿಮಾ ಎಂದರೆ ಅವನಿಗೆ ಜೀವ. ಟಿಕೆಟ್ಟಿಗೆ 25 ಸೆಂಟ್. ಡಾಲರಿನಲ್ಲಿ ಕಾಲು ಭಾಗ, ಅವರ ನಾಲ್ಕಾಣೆ ಅನ್ನಿ. ಅದಕ್ಕಾಗಿ ಕಲ್ಲಿನಲ್ಲಿ ಚಿಕ್ಕ ಚಿಕ್ಕ ಗೊಂಬೆ ಕೆತ್ತಿ ಮಾರುತ್ತಿದ್ದ.

ಆ ಸಿನಿಮಾಗಳಲ್ಲಿ ಕುದುರೆ ಏರಿದ ಬಿಳಿಯ ಸೈನಿಕರಿಗೂ ಅಮೆರಿಕದ ಮೂಲನಿವಾಸಿಗಳಿಗೂ ಜಗಳ. ತಾನೂ ಗೆಳೆಯರೂ ಸೈನಿಕರ ಕಡೆಗೇ ಇದ್ದೆವು ಎಂದು ಕುನುಕ್ ಆಮೇಲೆ ಹೇಳಿಕೊಂಡಿದ್ದಾರೆ. ನೋಡಿ, ಅವರೂ ಆ ನೆಲದ ಮೂಲನಿವಾಸಿಗಳೇ. ಆದರೂ ಮನಸ್ಸು ಹೋದದ್ದು ಗೆದ್ದವರ ಕಡೆಗೆ. ಪರದೆಯ ಮೇಲೆ ಯಾರನ್ನು ದೊಡ್ಡವರು ಅಂತ ತೋರಿಸುತ್ತಾರೋ ನಾವೂ ಅವರೇ ಅಂತ ಮಕ್ಕಳು ತಿಳಿಯುತ್ತಾರೆ.

1981ರಲ್ಲಿ ಕುನುಕ್ ತಮ್ಮ ಕಲ್ಲಿನ ಗೊಂಬೆಗಳನ್ನು ದಕ್ಷಿಣದ ಮಾಂಟ್ರಿಯಲ್ ಪಟ್ಟಣಕ್ಕೆ ಒಯ್ದು ಮಾರಿದರು. ಬಂದ ದುಡ್ಡಿನಲ್ಲಿ ವಿಡಿಯೊ ಕ್ಯಾಮೆರಾ, ಟೇಪು ಹಾಕುವ ಯಂತ್ರ, ಒಂದು ಟಿ.ವಿ. ಕೊಂಡರು. ಟಿ.ವಿ. ಬೇಡ ಅಂದ ಊರಿಗೆ ಟಿ.ವಿ. ತಂದರು! ಆದರೆ ಅದರಲ್ಲಿ ಹೊರಗಿನ ಕಾರ್ಯಕ್ರಮ ಬರುತ್ತಿರಲಿಲ್ಲ. ಅವರು ತೆಗೆದದ್ದೇ ಬರುತ್ತಿತ್ತು. ಬೇಟೆಯಿಂದ ಬಂದ ಅಪ್ಪ, ಚಹ ಕುಡಿಯುತ್ತ ಬೇಟೆಯ ಕಥೆ ಹೇಳುವ ಅವರ ಗೆಳೆಯರು, ಇಂಥದ್ದನ್ನೆಲ್ಲ ಹಿಡಿದಿಡಬೇಕು ಎಂಬುದು ಅವರ ಆಸೆ. ಟೇಪು ಹಾಕಿ ನೋಡಲು ಕೂತರೆ, ಕಿಟಕಿಯ ಹೊರಗೆ ಊರ ಮಕ್ಕಳೆಲ್ಲ ಸಾಲಾಗಿ ನಿಂತು ಇಣುಕುತ್ತಿದ್ದರಂತೆ.

ನಮ್ಮ ಊರುಗಳಲ್ಲೂ ಮೊದಲ ಟಿ.ವಿ. ಬಂದಾಗ ಮಕ್ಕಳು ಹೀಗೇ ಕಿಟಕಿಗೆ ಜೋತು ಬಿದ್ದಿರಲಿಲ್ಲವೆ? ವ್ಯತ್ಯಾಸ ಇಷ್ಟೇ. ಅವರು ಇಣುಕಿ ನೋಡಿದ್ದು ತಮ್ಮ ಊರಿನವರನ್ನೇ.

ನಮಗೂ ಒಂದು ಟಿ.ವಿ.

ಇಷ್ಟರಲ್ಲಿ ಇನೂಯಿಟ್ ಸಂಘಟನೆಗಳು ಸುಮ್ಮನೆ ಕೂತಿರಲಿಲ್ಲ. ನಮ್ಮ ಮಾತಿನಲ್ಲಿ ನಾವೇ ಕಾರ್ಯಕ್ರಮ ಮಾಡುತ್ತೇವೆ, ಉಪಗ್ರಹದಲ್ಲಿ ನಮಗೂ ಜಾಗ ಕೊಡಿ ಎಂದು ಸರಕಾರವನ್ನು ಕೇಳುತ್ತಲೇ ಇದ್ದವು. 1980ರಲ್ಲಿ ಒಂದು ಪ್ರಯೋಗ ಶುರುವಾಯಿತು. ಆರು ಊರುಗಳ ಜನರು ಉಪಗ್ರಹದ ಮೂಲಕ ಒಟ್ಟಿಗೆ ಸಭೆ ಮಾಡಿದರು. ಆರರಲ್ಲಿ ಇಗ್ಲೂಲಿಕ್ ಕೂಡ ಒಂದು. ಅದು ಯಶಸ್ವಿ ಆಯಿತು. 1981ರಲ್ಲಿ ಇನೂಯಿಟ್ ಪ್ರಸಾರ ಸಂಸ್ಥೆಗೆ ಪರವಾನಗಿ ಸಿಕ್ಕಿತು. 1982ರ ಜನವರಿಯಲ್ಲಿ ಅವರ ಕಾರ್ಯಕ್ರಮ ಶುರುವಾಯಿತು. ಸುದ್ದಿ, ಬೇಟೆ, ಹೊಲಿಗೆ, ಹಿರಿಯರ ಮಾತು, ಎಲ್ಲ ಇನುಕ್ಟಿಟುಟ್‌ನಲ್ಲಿ. ಆಮೇಲೆ ಮಕ್ಕಳಿಗೆ ಗೊಂಬೆಗಳ ಕಾರ್ಯಕ್ರಮವೂ ಬಂತು. ಹಿರಿಯರು ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಅವರು ಸುಮ್ಮನಾದರೆ ಕ್ಯಾಮೆರಾವೂ ಸುಮ್ಮನೆ ಕಾಯುತ್ತದೆ. ನಮ್ಮ ಸುದ್ದಿ ವಾಹಿನಿಯವರು ಇದನ್ನು ನೋಡಿ ಕಲಿತರೆ ನಮ್ಮ ಕಿವಿ ಉಳಿದೀತು.

ವಾರಕ್ಕೆ ಕೆಲವೇ ಗಂಟೆ. ಅದೂ ಹೆಚ್ಚಾಗಿ ತಡರಾತ್ರಿ, ದಕ್ಷಿಣದ ಕಾರ್ಯಕ್ರಮ ಮುಗಿದ ಮೇಲೆ. ಊಟಕ್ಕೆ ಕರೆದು ಕೊನೆಯ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಮಕ್ಕಳ ಕಾರ್ಯಕ್ರಮವನ್ನು ಮಕ್ಕಳು ಮಲಗಿದ ಮೇಲೆ ತೋರಿಸಿದರೆ ಏನು ಬಂತು?

ಈ ಸಂಸ್ಥೆಯ ಅಧ್ಯಕ್ಷೆಯಾಗಿ 1983ರಲ್ಲಿ ಒಬ್ಬ ಹೆಂಗಸು ಬಂದರು. ಹೆಸರು ರೋಸ್‌ಮೇರಿ ಕುಪ್ತಾನಾ. ಹಿಮದ ಮನೆಯಲ್ಲಿ ಹುಟ್ಟಿ, ವಸತಿ ಶಾಲೆಯ ಕಷ್ಟ ಉಂಡವರು. ಅವರು ಸರಕಾರದ ಮಂಡಲಿಯ ಎದುರು ಹೋಗಿ ಖಡಾಖಂಡಿತವಾಗಿ ಮಾತಾಡಿದರು. ಕಟ್ಟಡಗಳನ್ನು ಹಾಗೇ ಬಿಟ್ಟು ಜನರನ್ನಷ್ಟೇ ಕೊಲ್ಲುವ ಒಂದು ಬಗೆಯ ಬಾಂಬು ಇದೆ, ನಮ್ಮ ಮಾತಿಲ್ಲದ ಟಿ.ವಿ.ಯೂ ಹಾಗೇ ಎಂಬುದು ಅವರ ವಾದ. ಜನ ಓಡಾಡಿಕೊಂಡೇ ಇರುತ್ತಾರೆ, ಒಳಗಿನ ಜೀವ ಮಾತ್ರ ಹೋಗಿರುತ್ತದೆ. ಮಾತು ಖಾರವಾಯಿತು ಅನ್ನಿಸುತ್ತದೆಯೆ? ನನಗೂ ಮೊದಲು ಹಾಗೇ ಅನ್ನಿಸಿತು. ತಾಂಡಾದ ಅಕ್ಕ 'ಒಂಥರಾ ಆಗುತ್ತೆ' ಅಂದದ್ದು ನೆನಪಾಯಿತು. ಇಬ್ಬರೂ ಹೇಳಿದ್ದು ಒಂದನ್ನೇ ಇರಬೇಕು.

1983ರಲ್ಲಿ ಇಗ್ಲೂಲಿಕ್ ಟಿ.ವಿ. ಆಗಬಹುದು ಎಂದು ಒಪ್ಪಿತು. ನೆಂಟನಿಗೆ ಈಗ ಮಾತು ಬರುತ್ತಿತ್ತು.

ಹೆಂಗಸರ ಕೈಗೆ ಕ್ಯಾಮೆರಾ

ಕುನುಕ್ ಕೆಲವು ವರ್ಷ ಇನೂಯಿಟ್ ಪ್ರಸಾರ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1990ರಲ್ಲಿ ಗೆಳೆಯರ ಜೊತೆ ಇಗ್ಲೂಲಿಕ್‌ನಲ್ಲೇ ಸ್ವಂತ ಸಂಸ್ಥೆ ಕಟ್ಟಿದರು. ಅದಕ್ಕೆ ಇಸುಮಾ ಎಂದು ಹೆಸರು. ಇಸುಮಾ ಎಂದರೆ ಯೋಚನೆ. ಊರಿನ ಹಿರಿಯರು ಹೇಳುತ್ತ ಬಂದ ಒಂದು ಹಳೆಯ ಕಥೆಯನ್ನು ಪೂರಾ ಇನುಕ್ಟಿಟುಟ್‌ನಲ್ಲಿ ಸಿನಿಮಾ ಮಾಡಿದರು. ಹೆಸರು 'ಅತನಾರ್ಜುಆತ್'. ಆ ಭಾಷೆಯ ಮೊದಲ ದೊಡ್ಡ ಕಥಾಚಿತ್ರ ಅದು. 2001ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ 'ಚಿನ್ನದ ಕ್ಯಾಮೆರಾ' ಪ್ರಶಸ್ತಿ ಬಂತು.

ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದ ಸಂಗತಿ ಬೇರೆ ಇದೆ. 1991ರಲ್ಲಿ ಅದೇ ಊರಿನಲ್ಲಿ ಹೆಂಗಸರದ್ದೇ ಒಂದು ವಿಡಿಯೊ ಗುಂಪು ಹುಟ್ಟಿತು. ಹೆಸರು ಅರ್ನೈಟ್. ಹಾಗೆಂದರೆ 'ಹೆಂಗಸರು'. ಅಷ್ಟೇ, ಬೇರೆ ಬಿರುದು ಬಾವಲಿ ಇಲ್ಲ. ದಕ್ಷಿಣದಿಂದ ಬಂದ ಒಬ್ಬ ಹೆಣ್ಣುಮಗಳು, ಊರಿನ ಹಿರಿಯ ಹೆಂಗಸರು ಸೇರಿ ಮಾಡಿಕೊಂಡದ್ದು. ಇದೂ ಒಂದು ಮಹಿಳಾ ಸಂಘವೇ. ನಮ್ಮ ಸಂಘದಲ್ಲಿ ಉಳಿತಾಯದ ಪುಸ್ತಕ ಇದೆ, ಅವರ ಸಂಘದಲ್ಲಿ ಕ್ಯಾಮೆರಾ.

ಅವರು ಏನು ತೋರಿಸಿದರು? ತಮಗೆ ಗೊತ್ತಿದ್ದದ್ದನ್ನೇ. 1993ರಲ್ಲಿ 'ಕುಲ್ಲಿಕ್' ಎಂಬ ಚಿಕ್ಕ ವಿಡಿಯೊ ಮಾಡಿದರು. ಹೆಂಗಸರು ಹಳೆಯ ಕಲ್ಲಿನ ದೀಪವನ್ನು ಹಚ್ಚುತ್ತಾರೆ, ಹಾಡುತ್ತಾರೆ. ಬತ್ತಿ ಹೇಗೆ ಇಡಬೇಕು, ಉರಿ ಹೇಗೆ ಸಮ ಮಾಡಬೇಕು. ನೋಡುವುದಕ್ಕೆ ಇಷ್ಟೇ. ಆದರೆ ಹೀಟರು ಇರುವ ಮನೆಯಲ್ಲಿ ಬೆಳೆದ ಮೊಮ್ಮಗಳಿಗೆ ಅಜ್ಜಿಯ ಕೈಚಳಕ ಕಾಣಿಸಿತಲ್ಲ! ಬತ್ತಿಗೆ, ಎಣ್ಣೆಗೆ, ಉರಿಗೆ ಅವರ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿವೆ. ದೀಪ ಹೋದರೆ ಆ ಮಾತುಗಳೂ ಹೋಗುತ್ತವೆ. ನಮ್ಮಲ್ಲಿ ಬೀಸುವ ಕಲ್ಲು ಹೋಗಿ ಬೀಸುವ ಪದ ಹೋಯಿತಲ್ಲ, ಹಾಗೆಯೇ.

2008ರಲ್ಲಿ ಅರ್ನೈಟ್ ಗುಂಪಿನವರು ಒಂದು ಪೂರ್ತಿ ಸಿನಿಮಾ ಮಾಡಿದರು. ಒಬ್ಬ ಅಜ್ಜಿ, ಒಬ್ಬ ಮೊಮ್ಮಗ. ಹೊರಗಿನವರಿಂದ ಬಂದ ರೋಗಕ್ಕೆ ಅವರ ಜನರೆಲ್ಲ ಸತ್ತಿದ್ದಾರೆ. ಉಳಿದವರು ಇವರಿಬ್ಬರೇ. ಅಜ್ಜಿ ತನಗೆ ತಿಳಿದದ್ದನ್ನೆಲ್ಲ ಆ ಮಗುವಿಗೆ ಕಲಿಸುತ್ತ ಹೋಗುತ್ತಾಳೆ. ಗುಂಪಿನ ಹಿರಿಯ ಸದಸ್ಯೆ ಮ್ಯಾಡಲಿನ್ ಇವಾಲು ಇದರ ಇಬ್ಬರು ನಿರ್ದೇಶಕಿಯರಲ್ಲಿ ಒಬ್ಬರು. ಅಜ್ಜಿಯ ಪಾತ್ರವನ್ನೂ ಅವರೇ ಮಾಡಿದ್ದಾರೆ.

ಇನ್ನೂ ಮುಗಿದಿಲ್ಲ

ಈ ಕಥೆ ಹೇಳಿ ಮುಗಿಸಿದ್ದೆ. ಮುಂದಿನ ಸಾಲಿನ ಒಬ್ಬ ತಂಗಿ ಕೇಳಿದಳು: "ಹಂಗಾದ್ರೆ ಅವರ ಭಾಷೆ ಉಳೀತಾ ಮೇಡಂ?"

ಹೌದು ಅಂತ ಹೇಳಿದರೆ ಕಥೆ ಚೆನ್ನಾಗಿ ಮುಗಿಯುತ್ತಿತ್ತು. ನಿಜ ಹಾಗಿಲ್ಲ. ಬಾಗಿಲು ಒಮ್ಮೆ ತೆರೆದ ಮೇಲೆ ಇನುಕ್ಟಿಟುಟ್ ಜೊತೆ ಇಂಗ್ಲಿಷ್ ವಾಹಿನಿಗಳೂ ಒಳಗೆ ಬಂದವು. ವಾರಕ್ಕೆ ಕೆಲವು ಗಂಟೆ ತಮ್ಮ ಮಾತು, ಉಳಿದ ಹೊತ್ತೆಲ್ಲ ಇಂಗ್ಲಿಷ್. ಈಗ ಮೊಬೈಲ್ ಬೇರೆ. 1999ರ ಏಪ್ರಿಲ್ 1ರಂದು ಅವರ ಸೀಮೆಗೆ ನುನಾವುಟ್ ಎಂಬ ಹೆಸರಿನಲ್ಲಿ ಸ್ವಂತ ಸರಕಾರ ಬಂತು. ನುನಾವುಟ್ ಎಂದರೆ 'ನಮ್ಮ ನೆಲ'. ಅಲ್ಲಿ ಹೆಚ್ಚು ಜನ ಇನೂಯಿಟ್‌ಗಳೇ. ಆದರೂ ಮಾತೃಭಾಷೆ ತಮ್ಮ ಭಾಷೆ ಎಂದು ಬರೆಸುವವರ ಪಾಲು ಜನಗಣತಿಯಿಂದ ಜನಗಣತಿಗೆ ಇಳಿಯುತ್ತಿದೆ. ಟಿ.ವಿ. ಒಂದರಿಂದಲೇ ಭಾಷೆ ಹೋಗುವುದಿಲ್ಲ, ಟಿ.ವಿ. ಒಂದರಿಂದಲೇ ಉಳಿಯುವುದೂ ಇಲ್ಲ. ಶಾಲೆ ಯಾವ ಭಾಷೆಯದ್ದು, ನೌಕರಿ ಯಾವ ಭಾಷೆಯಲ್ಲಿ ಸಿಗುತ್ತದೆ, ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಭಾಷೆ ಆಡುತ್ತಾರೆ ಎಂಬುದೂ ಸೇರುತ್ತದೆ.

"ಮತ್ತೆ ಅಷ್ಟು ವರ್ಷ ಬೇಡ ಅಂದು ಏನು ಸಿಕ್ತು?" ಅಂತ ಆ ತಂಗಿ ಬಿಡಲಿಲ್ಲ.

ಸಮಯ ಸಿಕ್ಕಿತು ಎಂದು ನನ್ನ ಅನಿಸಿಕೆ. 1975ರಿಂದ 1983ರವರೆಗೆ ಎಂಟು ವರ್ಷ. ಆ ಎಂಟು ವರ್ಷದಲ್ಲಿ ಬೆಳೆದ ಮಕ್ಕಳು ಸಂಜೆ ಹೊತ್ತು ಅಜ್ಜ ಅಜ್ಜಿಯ ಮಾತು ಕೇಳಿದರು. ನಾಳೆ ಟಿ.ವಿ. ಬಂದರೆ ಅದರಲ್ಲಿ ಏನು ತೋರಿಸಬೇಕು ಎಂಬುದು ಅವರ ತಲೆಯಲ್ಲಿ ತುಂಬಿತ್ತು. ಅಷ್ಟು ಚಿಕ್ಕ ಊರಿನಿಂದ ಇಷ್ಟೊಂದು ಚಿತ್ರ ಮಾಡುವವರು ಯಾಕೆ ಬಂದರು ಎಂದು ಕೇಳಿದರೆ ನಾನು ಈ ಎಂಟು ವರ್ಷವನ್ನು ತೋರಿಸುತ್ತೇನೆ. ತಪ್ಪಿರಲೂಬಹುದು.

2021ರ ಜನವರಿಯಲ್ಲಿ ಇಡೀ ದಿನ ಇನೂಯಿಟ್ ಭಾಷೆಯ ಕಾರ್ಯಕ್ರಮ ಕೊಡುವ ಒಂದು ವಾಹಿನಿ ಶುರುವಾಯಿತು. ಅದನ್ನು 'ಉವಗುಟ್' ಎನ್ನುತ್ತಾರೆ. ಅರ್ಥ, 'ನಮ್ಮದು'. ಟಿ.ವಿ. ಬೇಡ ಅಂದ ಇಗ್ಲೂಲಿಕ್‌ನ ಚಿತ್ರ ಮಾಡುವವರೇ ಅದರ ಹಿಂದೆ ಇರುವವರು. ಆ ಊರಲ್ಲಿ ಈಗ ಸುಮಾರು 2,000 ಜನ ಇದ್ದಾರೆ.

ಮರು ವಾರ ತಾಂಡಾದ ಅಕ್ಕ ಬಂದರು. ಕೈಯಲ್ಲಿ ಮಗನ ಮೊಬೈಲು. ಅವರ ಅತ್ತೆ ಲಂಬಾಣಿಯಲ್ಲಿ ಹಾಡುವ ಒಂದು ಹಾಡನ್ನು ಮಗನೇ ಅದರಲ್ಲಿ ಹಿಡಿದಿದ್ದ. ನಾವೆಲ್ಲ ಸುತ್ತ ಕೂತು ಕೇಳಿದೆವು. ಅರ್ಧಕ್ಕೆ ನಿಂತಿತು. "ಚಾರ್ಜು ಮುಗೀತು. ಇನ್ನೂ ಅರ್ಧ ಹಾಡು ಐತೆ. ನಡುವೆ ಮೂರು ಮಾತು ಅವನಿಗೆ ಗೊತ್ತಿರಲಿಲ್ಲ, ಅಜ್ಜೀನ ಕೇಳಿದ" ಅಂದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದರು: ಯಾಡಿ. ಲಂಬಾಣಿಯಲ್ಲಿ ಹಾಗೆಂದರೆ ಅವ್ವ.

ಮಾತಾಡಿ, ಬರೆಯಿರಿ

ನಿಮ್ಮ ಕೇಂದ್ರದಲ್ಲಿ ಎಷ್ಟು ಮನೆಮಾತಿನವರು ಇದ್ದೀರಿ? ಒಬ್ಬೊಬ್ಬರೂ ನಿಮ್ಮ ಮನೆಮಾತಿನಲ್ಲಿ 'ಅವ್ವ', 'ನೀರು', 'ಬಾ' ಎಂಬುದನ್ನು ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಯಿರಿ. ಉಳಿದವರು ಓದಿ.

ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಟಿ.ವಿ. ಎಷ್ಟು ಹೊತ್ತು ನಡೆಯಿತು? ಅದರಲ್ಲಿ ನಿಮ್ಮ ಹಾಗೆ ಸೀರೆ ಉಟ್ಟವರು, ನಿಮ್ಮ ಹಾಗೆ ಕೆಲಸ ಮಾಡುವವರು ಯಾರಾದರೂ ಕಂಡರೆ?

ನಿಮ್ಮ ಅತ್ತೆಗೋ ಅವ್ವನಿಗೋ ಬರುವ, ನಿಮ್ಮ ಮಗಳಿಗೆ ಬಾರದ ಒಂದು ಹಾಡು ಯಾವುದು? ಅದರ ಮೊದಲ ಎರಡು ಸಾಲನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ತಪ್ಪಾದರೂ ಚಿಂತೆಯಿಲ್ಲ, ಅಳಿಸಬೇಡಿ.